ಎಲೆಕ್ಟ್ರಾನ್ ವೇಷ ಹಾಕಿದ ಪಯಾನ್

2022ರ ಡಿಸೆಂಬರ್ 20. ಬೆಂಗಳೂರಿನ ಹಾಸ್ಟೆಲ್ ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ. ಜಿನೀವಾದ ಕಣ ಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನಿಂದ ಸೆಮಿನಾರ್ ನೇರ ಪ್ರಸಾರವಾಗುತ್ತಿತ್ತು. ಅಲ್ಲಿನ ಎಲ್‌ಎಚ್‌ಸಿಬಿ ಪ್ರಯೋಗದ ತಂಡ ಆರ್‌ಕೆ ಅನ್ನೋ ಅನುಪಾತದ ಹೊಸ ಲೆಕ್ಕ ಹೇಳುವುದಿತ್ತು. ನನ್ನ ಪಿಎಚ್‌ಡಿಯ ಎರಡು ವರ್ಷ ಆ ಒಂದು ಸಂಖ್ಯೆಯ ಮೇಲೆ ನಿಂತಿತ್ತು.

ಬಿ ಮೆಸಾನ್ ಅನ್ನೋ ಅಲ್ಪಾಯುಷಿ ಕಣ ಅಪರೂಪಕ್ಕೊಮ್ಮೆ ಒಡೆದು ಕೇಯಾನ್ ಅನ್ನೋ ಇನ್ನೊಂದು ಕಣದ ಜೊತೆಗೆ ಎರಡು ಮ್ಯೂಯಾನ್ ಕೊಡುತ್ತದೆ, ಇಲ್ಲವೇ ಎರಡು ಎಲೆಕ್ಟ್ರಾನ್. ಮ್ಯೂಯಾನ್ ಎಲೆಕ್ಟ್ರಾನಿನ ಅಣ್ಣನಿದ್ದ ಹಾಗೆ, ಅದಕ್ಕಿಂತ ಸುಮಾರು 207 ಪಟ್ಟು ಭಾರ. ಆದರೂ ಕಣಗಳ ಸದ್ಯದ ಸಿದ್ಧಾಂತವಾದ ಸ್ಟ್ಯಾಂಡರ್ಡ್ ಮಾಡೆಲ್ ಇಬ್ಬರ ನಡುವೆ ಪಂಕ್ತಿಭೇದ ಮಾಡುವುದಿಲ್ಲ. ಮ್ಯೂಯಾನ್ ಜೋಡಿಗಳನ್ನು ಎಲೆಕ್ಟ್ರಾನ್ ಜೋಡಿಗಳಿಂದ ಭಾಗಿಸಿದರೆ ಹೆಚ್ಚುಕಡಿಮೆ 1 ಬರಬೇಕು. ಅದೇ ಆರ್‌ಕೆ. 2021ರ ಮಾರ್ಚ್‌ನಲ್ಲಿ ಬಂದಿದ್ದು 0.846. 3.1 ಸಿಗ್ಮಾ, ಅಂದರೆ ಬರೀ ಆಕಸ್ಮಿಕ ಅನ್ನೋದು ಕಷ್ಟ! ಲೆಪ್ಟೋಕ್ವಾರ್ಕ್ ಅನ್ನೋ ಹೊಸ ಕಣ ಇದ್ದರೆ ಹೀಗಾಗಬಹುದು ಅಂತ ಪೇಪರ್‌ಗಳ ಸುರಿಮಳೆ. ನಾನೂ ಒಂದು ಬರೆದೆ.

ಸ್ಲೈಡ್ ಬಂತು. ಆರ್‌ಕೆ ಥರದ ನಾಲ್ಕು ಸಂಖ್ಯೆ, ನಾಲ್ಕೂ 1ರ ಆಸುಪಾಸು. 0.846 ಇದ್ದ ಜಾಗದಲ್ಲಿ ಈಗ 0.949. ಘರ್ಷಣೆಗಳು ಅವೇ, ಲೆಕ್ಕ ಮಾತ್ರ ಬೇರೆ.

ತೊಡಕು ಇದ್ದದ್ದು ಎಲೆಕ್ಟ್ರಾನ್ ಕಡೆ. ಮ್ಯೂಯಾನ್ ಸಾಧು, ಡಿಟೆಕ್ಟರಿನ ಕೊನೆಯ ಪದರದವರೆಗೂ ಸೀದಾ ಹೋಗುತ್ತದೆ. ಎಲೆಕ್ಟ್ರಾನ್ ಹಗುರ. ತೂತು ಬಿದ್ದ ಚೀಲದಿಂದ ರಾಗಿ ಸೋರಿದ ಹಾಗೆ ದಾರಿಯುದ್ದಕ್ಕೂ ಫೋಟಾನ್ ಚೆಲ್ಲುತ್ತದೆ. ಅದನ್ನೆಲ್ಲ ಆಯ್ದು ಮತ್ತೆ ಶಕ್ತಿಗೆ ಸೇರಿಸಬೇಕು. ಎಲ್ಲವೂ ಸಿಗುವುದಿಲ್ಲ, ಹಾಗಾಗಿ ಗ್ರಾಫಿನ ಶಿಖರ ಅಗಲವಾಗುತ್ತದೆ. ಆ ಅಗಲದೊಳಗೆ ಪಯಾನ್, ಕೇಯಾನ್‌ನಂಥ ಬೇರೆ ಕಣಗಳು ಎಲೆಕ್ಟ್ರಾನ್ ವೇಷ ಹಾಕಿ ನುಸುಳಿದ್ದವು. ಛೇದ ಜಾಸ್ತಿಯಾಯಿತು, ಭಾಗಲಬ್ಧ ಕಮ್ಮಿಯಾಯಿತು. ಐದನೇ ಕ್ಲಾಸಿನ ಲೆಕ್ಕ, ಅಲ್ವಾ? ಈ ಸಲ ಎಲೆಕ್ಟ್ರಾನ್ ಗುರುತಿಸುವ ಷರತ್ತು ಬಿಗಿ ಮಾಡಿದ್ದರು. ಉಳಿದ ವೇಷಧಾರಿಗಳನ್ನು ಡೇಟಾದಿಂದಲೇ ಅಂದಾಜು ಮಾಡಿ ಕಳೆದಿದ್ದರು. ತಮ್ಮದೇ ದೊಡ್ಡ ಸುದ್ದಿಯನ್ನು ತಾವೇ ಒರೆಗೆ ಹಚ್ಚಿ ಇಳಿಸಿದ ಆ ತಂಡದ ಮೇಲೆ ನನಗೆ ಗೌರವವೇ ಬಂತು.

ಸಂಕಟವೂ ಆಯಿತು, ಸುಳ್ಳು ಯಾಕೆ. ನನ್ನ ಪೇಪರ್ ತೆಗೆದು ಹುಡುಕಿದೆ. ಇಪ್ಪತ್ತೆಂಟು ಪುಟದಲ್ಲಿ ‘ಪಯಾನ್’ ಅನ್ನೋ ಪದ ಒಂದು ಸಲವೂ ಇರಲಿಲ್ಲ. ಡಿಟೆಕ್ಟರ್ ನಮ್ಮ ಕೆಲಸ ಅಲ್ಲ ಅಂತ ಥಿಯರಿ ಜನ ಸುಮ್ನೆ ಕೂರುತ್ತೇವೆ.

ಗೈಡ್ ಮೆಸೇಜ್ ಮಾಡಿದರು: “ಟೌ ಇನ್ನೂ ಇದೆಯಲ್ಲ.” ನಿಜ. ಬಿ ಮೆಸಾನ್ ಒಡೆದು ಮ್ಯೂಯಾನ್‌ಗಿಂತಲೂ ಭಾರವಾದ ಟೌ ಕಣ ಕೊಡುವ ಇನ್ನೊಂದು ದಾರಿಯಲ್ಲಿ ಸುಮಾರು 3 ಸಿಗ್ಮಾ ವ್ಯತ್ಯಾಸ ಹಾಗೇ ಉಳಿದಿತ್ತು. ಉತ್ತರ ಬರೆಯಲು ಮನಸ್ಸಾಗಲಿಲ್ಲ.

ರಾತ್ರಿ ಅಮ್ಮನ ಫೋನ್. “ಏನಾಯ್ತೋ ನಿನ್ನ ರಿಸಲ್ಟು?”

“ಒಂದು ಬಂತಮ್ಮ.”

“ಫಸ್ಟಾ? ಮತ್ಯಾಕೋ ದನಿ ಹೀಗಿದೆ?”