ಸೆಕೆಂಡ್ ಹ್ಯಾಂಡ್ ಇಂಪ್ಯಾಕ್ಟ್ ಗನ್ನೂ ಬಿಚ್ಚದ ನಟ್ಟೂ

ಎರಡು ತಿಂಗಳ ಹಿಂದೆ ಬೆಂಗಳೂರಿನ ಸಂಡೇ ಬಜಾರಿಗೆ ಹೋಗಿದ್ದೆ. ಚಿಕ್ಕಪೇಟೆ ಕಡೆಯ ಆ ಸಂತೆಗೆ ಬೆಳಿಗ್ಗೆ ಬೇಗ ಹೋಗಬೇಕು, ತಡವಾದರೆ ಒಳ್ಳೆ ಮಾಲು ಸಿಗಲ್ಲ. ಹಳೇ ಡ್ರಿಲ್ಲು, ತುಕ್ಕು ಹಿಡಿದ ಸ್ಪ್ಯಾನರುಗಳ ರಾಶಿಯಲ್ಲಿ ಒಂದು ಅರ್ಧ ಇಂಚಿನ (ಸಾಕೆಟ್ ಸಿಕ್ಕಿಸೋ ಚೌಕ ತುದಿಯ ಅಳತೆ) ಏರ್ ಇಂಪ್ಯಾಕ್ಟ್ ಗನ್ ಕಂಡಿತು. ಟೈರ್ ಅಂಗಡಿಯಲ್ಲಿ ವೀಲ್ ನಟ್ಟು ಬಿಚ್ಚೋಕೆ ಹಿಡಿದಿರುತ್ತಾರಲ್ಲ, ಅದೇ. ಎರಡು ಸಾವಿರ ಅಂದ, ಸಾವಿರದ ಇನ್ನೂರಕ್ಕೆ ಇಳಿದ. "ಗಾಳಿ ಕೊಟ್ರೆ ಲಾರಿ ನಟ್ಟೇ ಬಿಚ್ಚುತ್ತೆ ಸಾರ್" ಅಂದ. ಅರ್ಧ ಇಂಚಿನ ಗನ್ನಿನಲ್ಲಿ ಲಾರಿ ನಟ್ಟು ಬಿಚ್ಚೋದು ಅಷ್ಟರಲ್ಲೇ ಇದೆ ಅಂತ ನನಗೂ ಗೊತ್ತಿತ್ತು. ಆದರೂ ತಂದೆ.

ತುಮಕೂರಿಗೆ ಬಂದು ಮನೆಯ ಕಂಪ್ರೆಸರಿಗೆ ಸಿಕ್ಕಿಸಿದೆ. ಒಂದು ಎಚ್‌ಪಿ ಮೋಟಾರು, 50 ಲೀಟರ್ ಟ್ಯಾಂಕು. ಹಳೇ ಕಾರಿನ ವೀಲ್ ನಟ್ಟಿಗೆ ಇಟ್ಟು ಒತ್ತಿದರೆ ಟಕ್... ಟಕ್... ಟಕ್... ಅಂತ ಯಾರೋ ಸಂಕೋಚದಿಂದ ಬಾಗಿಲು ತಟ್ಟಿದ ಹಾಗೆ ಸದ್ದು ಬಂತು, ನಟ್ಟು ಮಾತ್ರ ಅಲ್ಲಾಡಲಿಲ್ಲ. ಸಣ್ಣ ಕಾರಿನ ವೀಲ್ ನಟ್ಟು ಸರಿಯಾಗಿ ಬಿಗಿದರೆ ಸುಮಾರು 100 ನ್ಯೂಟನ್ ಮೀಟರ್ (ತಿರುಗಿಸೋ ಬಲದ ಅಳತೆ). ಗನ್ನಿನ ಮೈಮೇಲೆ 600 ಅಂತ ಬರೆದಿದೆ. ಕೊನೆಗೆ ವೀಲ್ ಸ್ಪ್ಯಾನರ್ ಮೇಲೆ ಕಾಲಿಟ್ಟು ನಿಂತು ಬಿಚ್ಚಿದೆ. ಮಾರಿದವನಿಗೆ ಮನಸ್ಸಿನಲ್ಲೇ ಸರಿಯಾಗಿ ಬೈದೆ.

ಗನ್ ಬಿಚ್ಚೋಕೆ ಅಲೆನ್ ಕೀ ಕೈಗೆ ತಗೊಂಡಿದ್ದೆ, ಅಷ್ಟರಲ್ಲಿ ಬೀದಿಯ ಪಂಚರ್ ಅಂಗಡಿಯ ಅಣ್ಣ ನೆನಪಾದರು. ಹೋಗಿ ತೋರಿಸಿದೆ. ಅವರು ಏನೂ ಮಾತಾಡದೆ ತಮ್ಮ ದಪ್ಪ ಪೈಪಿಗೆ ನನ್ನ ಗನ್ ಸಿಕ್ಕಿಸಿ ಅಲ್ಲೇ ನಿಂತಿದ್ದ ಒಂದು ಕಾರಿನ ನಟ್ಟಿಗೆ ಇಟ್ಟರು. ಏಳೆಂಟು ಸೆಕೆಂಡ್ ಕುಟ್ಟಿದ ಮೇಲೆ ನಟ್ಟು ಬಂತು. ಪಕ್ಕದ ನಟ್ಟಿಗೆ ಅದೇ ಪೈಪಿನಲ್ಲಿ ತಮ್ಮ ಗನ್ ಇಟ್ಟರು, ಒಂದೇ ಸೆಕೆಂಡಿಗೆ ಬಂತು. "ಅರ್ಧ ತಪ್ಪು ನಿಮ್ಮ ಗಾಳೀದು, ಅರ್ಧ ಗನ್ನಿಂದು ಸಾರ್" ಅಂದರು. ಎರಡೇ ನಿಮಿಷದಲ್ಲಿ ತೀರ್ಪು ಬಂದಿತ್ತು. ನಾನು ಅಲೆನ್ ಕೀ ಜೇಬಿಗೆ ಹಾಕಿಕೊಂಡೆ.

ಮೊದಲು ಗಾಳಿ. ಇಂಥ ಗನ್ನುಗಳಿಗೆ ಗಾಳಿಯ ಒತ್ತಡ 90 ಪಿಎಸ್‌ಐ ಬೇಕು, ಅದೂ ಗನ್ ಓಡುತ್ತಿರುವಾಗ, ಗನ್ನಿನ ಬಾಯಲ್ಲಿ. ನಾನು ನೋಡುತ್ತಿದ್ದದ್ದು ಟ್ಯಾಂಕಿನ ಮೀಟರು. ಗನ್ನಿನ ಹತ್ತಿರ ಒಂದು ಟೀ (T ಆಕಾರದ ಪೈಪ್ ಜೋಡಣೆ) ಹಾಕಿ ಸಣ್ಣ ಗೇಜ್ ಕೂರಿಸಿದೆ. ಸುಮ್ನೆ ಇದ್ದಾಗ 110 ತೋರಿಸಿತು. ಟ್ರಿಗರ್ ಒತ್ತಿದ ತಕ್ಷಣ ಮುಳ್ಳು 45ಕ್ಕೆ ಬಿತ್ತು! ಟ್ಯಾಂಕಿನಲ್ಲಿ ಇನ್ನೂ 100ರ ಮೇಲೇ ಇತ್ತು. ಅಂದರೆ ಗಾಳಿ ಇದೆ, ದಾರಿಯಲ್ಲಿ ಸಿಕ್ಕಿಕೊಳ್ಳುತ್ತಿದೆ.

ದಾರಿ ಅಂದರೆ ನನ್ನ ನೀಲಿ ಸುರುಳಿ ಪೈಪು. ಹೊರಗಿನ ಅಳತೆ 8 ಎಂಎಂ, ಒಳಗಿನ ತೂತು ಬರೀ 5. ಗಾಳಿ ಹೊಡೆಯೋಕೆ, ಧೂಳು ಊದೋಕೆ ಅದು ಸಾಕು, ಗನ್ನಿಗೆ ಸಾಲಲ್ಲ. ಒಳಗೆ 10 ಎಂಎಂ ಇರುವ ರಬ್ಬರ್ ಹೋಸ್ ಐದು ಮೀಟರ್ ತಂದೆ. ತೂತಿನ ಅಗಲ ಎರಡರಷ್ಟು, ಗಾಳಿ ಹೋಗೋ ಜಾಗ ನಾಲ್ಕರಷ್ಟು. ಜೊತೆಗೆ ಸಣ್ಣ ತೂತಿನ ಕಪ್ಲಿಂಗುಗಳನ್ನೂ ಬದಲಾಯಿಸಿದೆ. ಹೋಸ್ ಎಷ್ಟೇ ದಪ್ಪ ಇದ್ದರೂ ತುದಿಯ ಕಪ್ಲಿಂಗ್ ಸಣ್ಣದಾದರೆ ದುಡ್ಡು ದಂಡ. ಈಗ ಟ್ರಿಗರ್ ಒತ್ತಿದರೆ 80ರ ಆಸುಪಾಸಿನಲ್ಲಿ ನಿಲ್ಲುತ್ತೆ.

ಒಂದು ಎಚ್‌ಪಿ ಕಂಪ್ರೆಸರ್ ಸಾಕಾ ಅಂತ ಕೇಳಬಹುದು. ಗನ್ನಿನ ಡಬ್ಬದ ಮೇಲೆ ನಾಲ್ಕೈದು ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಅಂತ ಬರೆದಿರುತ್ತಾರೆ, ಅದು ಬಿಟ್ಟು ಬಿಟ್ಟು ಓಡಿಸಿದಾಗಿನ ಸರಾಸರಿ. ಒತ್ತಿ ಹಿಡಿದರೆ 20ಕ್ಕೂ ಜಾಸ್ತಿ ಕುಡಿಯುತ್ತೆ, ಅಂದರೆ ಸೆಕೆಂಡಿಗೆ ಒಂಬತ್ತು ಹತ್ತು ಲೀಟರ್ ಗಾಳಿ. ನನ್ನ 50 ಲೀಟರ್ ಟ್ಯಾಂಕು 120ರಿಂದ 90ಕ್ಕೆ ಇಳಿಯುವಷ್ಟರಲ್ಲಿ ಕೊಡೋದು, ಹೊರಗಿನ ಮಾಮೂಲಿ ಒತ್ತಡದಲ್ಲಿ ಅಳೆದರೆ, ಸುಮಾರು 100 ಲೀಟರ್. ಹಾಗಾಗಿ ನನಗೆ ಸಿಗೋದು ಹತ್ತು ಸೆಕೆಂಡಿನ ಶಕ್ತಿ, ಆಮೇಲೆ ಟ್ಯಾಂಕ್ ತುಂಬೋವರೆಗೆ ಬೀಡಿ ಸೇದೋರು ಸೇದಬಹುದು. ನಾಲ್ಕು ನಟ್ಟಿಗೆ ಸಾಕು. ಗ್ಯಾರೇಜ್ ನಡೆಸೋಕಾಗಲ್ಲ.

ಆಮೇಲೆ ಗನ್ನಿನ ಪಾಲು. ಗಾಳಿ ಒಳಗೆ ಹೋಗುವ ಬಾಯಲ್ಲಿ ಒಂದು ಸಣ್ಣ ಜಾಲರಿ ಇರುತ್ತೆ. ಅದರಲ್ಲಿ ತುಕ್ಕಿನ ಪುಡಿಯೂ ಟೆಫ್ಲಾನ್ ಟೇಪಿನ ಚೂರೂ ಕೂತಿದ್ದವು. ಟ್ಯಾಂಕಿನ ಕೆಳಗಿನ ನೀರು ಬಿಡದವರ ಕಥೆಯೆಲ್ಲ ಈ ಜಾಲರಿಯಲ್ಲಿ ಸಿಗುತ್ತೆ. ಗನ್ನಿನ ಹಿಂದಿರುವ ಪವರ್ ನಾಬ್ ಕೂಡ ಯಾರೋ ಒಂದಕ್ಕೆ, ಅಂದರೆ ಎಲ್ಲಕ್ಕಿಂತ ಕಡಿಮೆಗೆ, ಇಟ್ಟಿದ್ದರು, ನಾನು ನೋಡೇ ಇರಲಿಲ್ಲ. ಇದನ್ನು ಬರೆಯೋಕೆ ನಾಚಿಕೆ ಆಗುತ್ತೆ.

ಖಾಲಿ ಓಡಿಸಿದರೂ ಗನ್ ನಿಧಾನ, ಎಕ್ಸಾಸ್ಟಿನಿಂದ ಮಾತ್ರ ಬುಸ್ ಅಂತ ಗಾಳಿ. ಖಾಲಿ ಚೆನ್ನಾಗಿ ತಿರುಗಿ ನಟ್ಟಿನ ಮೇಲೆ ಸೋತರೆ ಗನ್ನಿನೊಳಗೆ ಏಟು ಕೊಡುವ ಸುತ್ತಿಗೆಯ ಭಾಗ ಸವೆದಿರಬಹುದು, ಖಾಲಿಯಲ್ಲೇ ನಿಧಾನ ಅಂದರೆ ಮೋಟಾರಿನ ಕಡೆ ನೋಡಬೇಕು. ಹಿಂದಿನ ನಾಲ್ಕು ಬೋಲ್ಟ್ ತೆಗೆದೆ, ಗ್ಯಾಸ್ಕೆಟ್ ಹರಿಯದ ಹಾಗೆ. ಗಾಳಿಗೆ ತಿರುಗುವ ರೋಟರಿನ ಸೀಳುಗಳಲ್ಲಿ ಆರು ಬ್ಲೇಡು, ಸ್ವಿಚ್ ಬೋರ್ಡಿಗೆ ಹಾಕೋ ಹೈಲಂ ಶೀಟ್ ಇರುತ್ತಲ್ಲ, ಆ ಥರದ್ದು. ತಿರುಗುವಾಗ ಅವು ಹೊರಗೆ ಜಾರಿ ಸಿಲಿಂಡರಿನ ಗೋಡೆಗೆ ಅಂಟಿಕೊಂಡು ಗಾಳಿಯನ್ನು ತಡೆಯಬೇಕು. ನನ್ನ ಗನ್ನಿನಲ್ಲಿ ಮೂರು ಬ್ಲೇಡು ಅಲ್ಲಾಡುತ್ತಲೇ ಇರಲಿಲ್ಲ. ಯಾವನೋ ಪುಣ್ಯಾತ್ಮ ಇಂಜಿನ್ ಆಯಿಲ್ ಸುರಿದಿದ್ದ, ಅದು ನೀರಿನ ಜೊತೆ ಸೇರಿ ಹಲಸಿನ ಮೇಣದ ಹಾಗೆ ಆಗಿತ್ತು. ಡೀಸೆಲ್‌ನಲ್ಲಿ ಒಂದು ರಾತ್ರಿ ನೆನೆಸಿ, ಬ್ರಷ್ ಹಾಕಿ ಉಜ್ಜಿ, ಪೂರ್ತಿ ಒರೆಸಿ ಒಣಗಿಸಿ ಜೋಡಿಸಿದೆ. ಬ್ಲೇಡು ಬಿಚ್ಚಿದ ಹಾಗೇ, ಅದೇ ದಿಕ್ಕಿಗೆ ಹಾಕಬೇಕು, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಸುತ್ತಿಗೆಗೆ ತೆಳುವಾಗಿ ಗ್ರೀಸ್ ಸವರಿದೆ. ಈಗ ಪ್ರತಿ ಸಲ ಹೋಸ್ ಹಾಕೋ ಮುಂಚೆ ಬಾಯಿಗೆ ನಾಲ್ಕು ಹನಿ ಏರ್ ಟೂಲ್ ಆಯಿಲ್. ಅದು ಸಿಗದಿದ್ದರೆ ಹೊಲಿಗೆ ಮಷಿನ್ ಎಣ್ಣೆ.

ನಿನ್ನೆ ನಾಲ್ಕೂ ನಟ್ಟು ಒಂದೊಂದಕ್ಕೆ ಎರಡು ಮೂರು ಸೆಕೆಂಡಿನಲ್ಲಿ ಬಂದವು. ಪಂಚರ್ ಅಂಗಡಿ ಅಣ್ಣನ ಗನ್ನಿನ ಸಮಕ್ಕೆ ಬರಲಿಲ್ಲ, ಯಾಕಂದರೆ ಒಂದು ಬ್ಲೇಡಿನ ಮೂಲೆ ಮುರಿದಿದೆ, ಅದನ್ನೇ ವಾಪಸ್ ಹಾಕಿದ್ದೇನೆ. ಬರೋ ಭಾನುವಾರ ಮತ್ತೆ ಸಂಡೇ ಬಜಾರಿಗೆ ಹೋಗಿ ಇದೇ ಮಾಡೆಲಿನ ಸತ್ತ ಗನ್ ಒಂದು ಹುಡುಕಬೇಕು. ಅವನೇ ಸಿಕ್ಕಿದರೆ ಬೈಗುಳ ವಾಪಸ್ ತಗೋತೀನಿ, ಅರ್ಧ ಮಾತ್ರ.