ವರ್ಷಕ್ಕೆ ಎಷ್ಟು ಪುಸ್ತಕ ಅಂತ ಟಾರ್ಗೆಟ್ ಇಟ್ಕೋಬೇಕು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಡಿಸೆಂಬರ್ ಕೊನೇ ವಾರ ಬಂತು ಅಂದ್ರೆ ಈ ಪ್ರಶ್ನೆ ನನಗೆ ಬಂದೇ ಬರತ್ತೆ. ಆಫೀಸ್ ಕ್ಯಾಂಟೀನಲ್ಲಿ, ಮದುವೆ ಮನೆ ಪಂಕ್ತೀಲಿ, ವಾಟ್ಸಾಪಲ್ಲಿ, ಎಲ್ಲಾ ಕಡೆ. ಮೊನ್ನೆ ನಮ್ಮಕ್ಕನ ಮಗಳು ಫೋನ್ ಮಾಡಿ, "ಚಿಕ್ಕಮ್ಮಾ, ಈ ಸಲ ವರ್ಷಕ್ಕೆ ಐವತ್ತು ಪುಸ್ತಕ ಅಂತ ಹಾಕ್ಕೊಂಡಿದೀನಿ, ಆಗತ್ತಲ್ವಾ? ನೀನು ಹೇಗ್ ಮುಗಿಸ್ತೀಯ?" ಅಂದ್ಲು. ಅವಳಿಗೆ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲೂ ಬರೀತಿದೀನಿ, ಇನ್ಮೇಲೆ ಯಾರಾದ್ರೂ ಕೇಳಿದ್ರೆ ಇದನ್ನೇ ಕಳಿಸ್ತೀನಿ.

ಟಾರ್ಗೆಟ್ ಇಟ್ಕೊಳ್ಳೋದೇ ತಪ್ಪು ಅನ್ನೋರ ಗುಂಪಿಗೆ ನಾನು ಸೇರಲ್ಲ. ಮಗ ಹುಟ್ಟಿದ ಮೇಲೆ ಮೂರ್ನಾಲ್ಕು ವರ್ಷ ನಾನು ಒಂದು ಪುಸ್ತಕಾನೂ ಪೂರ್ತಿ ಓದಿರ್ಲಿಲ್ಲ, ರಾತ್ರಿ ಅವನು ಮಲಗಿದ ಮೇಲೆ ಕೈ ತಾನಾಗೇ ಫೋನ್ ಕಡೆ ಹೋಗ್ತಿತ್ತು. 2021ರಲ್ಲಿ ತಿಂಗಳಿಗೊಂದರಂತೆ 12 ಅಂತ ಇಟ್ಕೊಂಡೆ. 14 ಆಯ್ತು. ಓದೋ ಅಭ್ಯಾಸ ನನಗೆ ವಾಪಸ್ ಬಂದಿದ್ದೇ ಆ ಹನ್ನೆರಡು ಅನ್ನೋ ನಂಬರಿಂದ, ಅದನ್ನ ನಾನು ಯಾವತ್ತೂ ಮರೆಯಲ್ಲ.

ಆ ಖುಷೀಲಿ 2022ಕ್ಕೆ 52 ಅಂತ ಹಾಕ್ಕೊಂಡೆ, ವಾರಕ್ಕೊಂದು. ಆಗಸ್ಟ್ ಮುಗಿಯೋ ಹೊತ್ತಿಗೆ 35 ಆಗಿರ್ಬೇಕಿತ್ತು, 27 ಆಗಿತ್ತು. ಅಲ್ಲಿಂದ ಶುರುವಾಯ್ತು ನೋಡಿ, ಅಂಗಡೀಲಿ ಪುಸ್ತಕ ಕೈಗೆತ್ಕೊಂಡ್ರೆ ಬೆನ್ನುಡಿ ಓದೋಕೆ ಮುಂಚೆ ಕೊನೇ ಪುಟದ ನಂಬರ್ ನೋಡೋದು, 120 ಪುಟ ಇದ್ರೆ ಚೀಲಕ್ಕೆ, 400 ಇದ್ರೆ ವಾಪಸ್ ಕಪಾಟಿಗೆ. ಎಂಬತ್ತು ಪುಟದ ಕವನ ಸಂಕಲನ ಒಂದನ್ನ ಒಂದೇ ರಾತ್ರೀಲಿ ಮುಗಿಸಿ ಟಿಕ್ ಹಾಕ್ದೆ. ಕವಿತೆ ಅಂದ್ರೆ ಒಂದು ಓದಿ, ಎದ್ದು ಹೋಗಿ ಒಗ್ಗರಣೆ ಹಾಕಿ, ಮತ್ತೆ ಬಂದು ಅದನ್ನೇ ಇನ್ನೊಂದ್ಸಲ ಓದೋ ಅಂಥದ್ದು, ಅದನ್ನ ನಾನು ಹಾಗೆ ಮಾಡಿದ್ದಕ್ಕೆ ಇವತ್ತಿಗೂ ಬೇಜಾರಿದೆ. ಡಿಸೆಂಬರ್ 30ಕ್ಕೆ 52 ಆಯ್ತು. ಆದ್ರೆ ಜನವರೀಲಿ ಪಟ್ಟಿ ತೆಗೆದು ನೋಡಿದ್ರೆ ಕೊನೇ ಹದಿನೈದರಲ್ಲಿ ಐದಾರರ ಕಥೇನೇ ನೆನಪಿಲ್ಲ.

ಆ ಇಡೀ ವರ್ಷ ಅಪ್ಪನ ಕಾಲದ 'ಮಲೆಗಳಲ್ಲಿ ಮದುಮಗಳು' ಕಪಾಟಲ್ಲೇ ಇತ್ತು. 1967ರಲ್ಲಿ ಬಂದ ಕಾದಂಬರಿ, ಏಳುನೂರು ಪುಟ ದಾಟತ್ತೆ. ನನ್ನ ಲೆಕ್ಕದಲ್ಲಿ ಅದೂ ಒಂದೇ, 90 ಪುಟದ್ದೂ ಒಂದೇ, ಹಾಗಿದ್ಮೇಲೆ ಅದನ್ನ ಯಾಕೆ ಮುಟ್ತೀನಿ? ಟಾರ್ಗೆಟ್‌ನ ನಿಜವಾದ ತೊಂದರೆ ನನಗೆ ಕಂಡಿದ್ದು ಇಲ್ಲೇ. ಕಮ್ಮಿ ಓದ್ತೀವೋ ಜಾಸ್ತಿ ಓದ್ತೀವೋ ಅನ್ನೋದು ಆಮೇಲಿನ ಮಾತು, ಯಾವ ಪುಸ್ತಕ ಓದ್ಬೇಕು ಅಂತ ಆ ನಂಬರೇ ತೀರ್ಮಾನ ಮಾಡೋಕೆ ಶುರು ಮಾಡತ್ತೆ, ಅದೂ ನಮಗೆ ಗೊತ್ತಾಗದ ಹಾಗೆ.

ಹಾಗಾಗಿ 2023ರಿಂದ ಪುಸ್ತಕ ಎಣಿಸೋದು ಬಿಟ್ಟು ಪುಟ ಎಣಿಸೋಕೆ ಶುರು ಮಾಡ್ದೆ. ದಿನಕ್ಕೆ 20 ಪುಟ, ಅಷ್ಟೇ. ಕೇಳೋಕೆ ಏನೂ ಅಲ್ಲ ಅನ್ಸತ್ತೆ ಅಲ್ವಾ, ಗುಣಿಸಿ ನೋಡಿ, ವರ್ಷಕ್ಕೆ 7,300 ಪುಟ, ಸುಮಾರು 250 ಪುಟದ ಪುಸ್ತಕಗಳಾದ್ರೆ 29 ಆಗತ್ತೆ. ಹುಷಾರಿಲ್ಲದ ದಿನ, ಹಬ್ಬ, ಮನೇಲಿ ನೆಂಟರು, ಮಗನ ಪರೀಕ್ಷೆ ಅಂತ ಮೂರು ತಿಂಗಳೇ ತೆಗೆದಿಟ್ರೂ ಇಪ್ಪತ್ತಕ್ಕೆ ಮೋಸ ಇಲ್ಲ. ಈ ಲೆಕ್ಕದಲ್ಲಿ ದಪ್ಪ ಪುಸ್ತಕ ಕಂಡ್ರೆ ಭಯ ಇರಲ್ಲ, ಯಾಕಂದ್ರೆ ಅದರ 20 ಪುಟಾನೂ 20 ಪುಟಾನೇ.

ಟೈಮ್ ಎಲ್ಲಿಂದ ಅಂತ ಕೇಳ್ತೀರ. ನನ್ನದು ವಿಜಯನಗರದಿಂದ ಇಂದಿರಾನಗರಕ್ಕೆ ಮೆಟ್ರೋ, ಪರ್ಪಲ್ ಲೈನ್. ಬೆಳಿಗ್ಗೆ ನಿಂತ್ಕೊಂಡೇ ಹೋಗೋದು, ಮೆಜೆಸ್ಟಿಕ್ಕಲ್ಲಿ ಗ್ರೀನ್ ಲೈನಿಗೆ ಹೋಗೋರು ಇಳಿದಾಗ ಒಮ್ಮೊಮ್ಮೆ ಸೀಟ್ ಸಿಗತ್ತೆ, ಅಲ್ಲಿಂದ ಆರೇಳು ಪುಟ. ಸಂಜೆ ವಾಪಸ್ ಬರ್ತಾ ಇನ್ನೊಂದಿಷ್ಟು. ಉಳಿದಿದ್ದು ರಾತ್ರಿ, ಫೋನನ್ನ ಹಾಲಲ್ಲಿ ಚಾರ್ಜಿಗೆ ಹಾಕಿ ರೂಮಿಗೆ ಬಂದ ಮೇಲೆ. ಇದ್ರಲ್ಲಿ ಫೋನ್ ಬೇರೆ ರೂಮಲ್ಲಿಡೋದೇ ಅತೀ ಮುಖ್ಯ, ಮಿಕ್ಕಿದ್ದೆಲ್ಲ ನಿಮ್ಮ ನಿಮ್ಮ ಅನುಕೂಲ.

2023ರ ಜನವರಿ 1ಕ್ಕೆ ಅಪ್ಪನ ಪುಸ್ತಕ ತೆಗೆದೆ. ಲೆಕ್ಕದ ಪ್ರಕಾರ ಮೂವತ್ತೈದು ದಿನ ಸಾಕು, ಮುಗಿದಿದ್ದು ಮಾರ್ಚ್ ಎರಡನೇ ವಾರ. ಮೊದಲ ನೂರು ಪುಟ ಯಾರು ಯಾರ ಮನೆಯವರು ಅಂತ ತಿಳ್ಕೊಳ್ಳೋಕೇ ಬೇಕಾಯ್ತು, ಮಲೆನಾಡಿನ ಮಾತುಗಳನ್ನ ಅಮ್ಮನಿಗೆ ಫೋನ್ ಮಾಡಿ ಕೇಳಿದ್ದೂ ಇದೆ. ಗುತ್ತಿ ಜೊತೆ, ಅವನ ನಾಯಿ ಹುಲಿಯನ ಜೊತೆ ಕಾಡು ದಾರೀಲಿ ನಡೀತಾ ಇದ್ರೆ ದಿನಕ್ಕೆ ಎಂಟು ಪುಟ ಆದ್ರೂ ಸಾಕು ಅನ್ನಿಸ್ತಿತ್ತು. ಅವಸರ ಕೂಡ ಸಾವಧಾನದ ಬೆನ್ನೇರಿ ಕೂತಿರೋ ಲೋಕ ಇದು ಅಂತ ಕುವೆಂಪು ಶುರುವಲ್ಲೇ ಹೇಳಿದಾರೆ, ಅದು ಅರ್ಥ ಆಗೋಕೆ ನನಗೆ ಎರಡೂವರೆ ತಿಂಗಳು ಹಿಡೀತು. ಆ ವರ್ಷ ಒಟ್ಟು ಓದಿದ್ದು 21. ಇಪ್ಪತ್ತೊಂದೂ ನೆನಪಿದೆ.

ಇನ್ನು ಎಣಿಸೋ ವಿಷಯ. ಮೊದಲು ಎಲ್ಲರ ಹಾಗೆ ನಾನೂ ಒಂದು ಫೇಮಸ್ ಆಪಲ್ಲಿ ಹಾಕ್ತಿದ್ದೆ, ಆದ್ರೆ ಕನ್ನಡ ಪುಸ್ತಕ ಹುಡುಕಿದ್ರೆ ಎಷ್ಟೋ ಸಲ ಸಿಗ್ತಾನೇ ಇರ್ಲಿಲ್ಲ, ಹೆಸರು, ಲೇಖಕರು, ಪುಟ ಎಲ್ಲ ನಾವೇ ತುಂಬ್ಬೇಕು. ಅದಕ್ಕಿಂತ ದೊಡ್ಡ ಸಮಸ್ಯೆ ಅಮ್ಮನ ಬೈಂಡುಗಳು. ಶಿವಮೊಗ್ಗದ ಮನೇಲಿ ಅಮ್ಮ 'ಸುಧಾ', 'ತರಂಗ'ದಲ್ಲಿ ಬರ್ತಿದ್ದ ಧಾರಾವಾಹಿಗಳ ಹಾಳೆಗಳನ್ನ ವಾರ ವಾರ ಬಿಡಿಸಿ, ಜೋಡಿಸಿಟ್ಟು, ಕೊನೇ ಕಂತು ಬಂದ ಮೇಲೆ ಬೈಂಡ್ ಮಾಡಿಸ್ತಿದ್ರು. ರಟ್ಟಿನ ಮೇಲೆ ಅವರ ಕೈಬರಹದಲ್ಲೇ ಹೆಸರು. ಮಧ್ಯದಲ್ಲಿ ಒಂದು ಕಂತು ಕಾಣೆ ಆಗಿದ್ರೆ ಪಕ್ಕದ್ಮನೆಯವರಿಂದ ಇಸ್ಕೊಂಡು ಕೈಯಲ್ಲೇ ನಕಲು ಮಾಡಿ ಸೇರಿಸಿದ್ದೂ ಇದೆ. ಅಂಥ ಪುಸ್ತಕಕ್ಕೆ ಯಾವ ಆಪಲ್ಲಿ ಎಂಟ್ರಿ ಇದೆ? ಈಗ ನಂದು ಇನ್ನೂರು ಪುಟದ ನೋಟ್‌ಬುಕ್. ಪುಸ್ತಕದ ಹೆಸರು, ಶುರು ಮಾಡಿದ ದಿನ, ಮುಗಿದ ದಿನ, ನೆನಪಿಡ್ಬೇಕು ಅನ್ಸಿದ್ದು ಎರಡು ಸಾಲು. ಆ ಎರಡು ಸಾಲು ಬರೆಯೋಕೆ ಏನೂ ತೋಚದೇ ಇದ್ರೆ ನಾನು ಓಡಿಸಿಕೊಂಡು ಓದಿದೀನಿ ಅಂತ ಅರ್ಥ.

ಆಡಿಯೋ ಬುಕ್ ಲೆಕ್ಕಕ್ಕೆ ಬರತ್ತಾ ಅಂತಾನೂ ತುಂಬಾ ಜನ ಕೇಳ್ತಾರೆ. ಬರತ್ತೆ, ಸಂಶಯಾನೇ ಬೇಡ. ನಮ್ಮ ಊರುಗಳಲ್ಲಿ ಗಮಕಿಗಳು ವಾಚನ ಮಾಡಿ, ಪಕ್ಕದಲ್ಲಿ ಕೂತವರು ಅರ್ಥ ಹೇಳಿ, ಅಕ್ಷರ ಗೊತ್ತಿಲ್ಲದವರಿಗೂ ಕುಮಾರವ್ಯಾಸ ಭಾರತ ಬಾಯಿಗೆ ಬಂದಿದ್ದು ಕೇಳಿಸಿಕೊಂಡೇ. ಚಪಾತಿ ಲಟ್ಟಿಸ್ತಾ ಕಥೆ ಕೇಳಿದ್ರೆ ಅದು ಓದಲ್ಲ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ.

ಅರ್ಧಕ್ಕೆ ಬಿಡಬಹುದಾ? ಬಿಡಿ. ಐವತ್ತು ಪುಟ ಓದಿದ ಮೇಲೂ ಹಿಡಿಸ್ಲಿಲ್ಲ ಅಂದ್ರೆ ಬಿಡಿ, ಆ ಐವತ್ತು ಪುಟಾನೂ ಲೆಕ್ಕಕ್ಕೆ ಸೇರಿಸ್ಕೊಳ್ಳಿ.

ದುಡ್ಡಿನ ಬಗ್ಗೆ ಚಿಂತೆ ಇದ್ರೆ ನಿಮ್ಮ ಏರಿಯಾದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. ಕರ್ನಾಟಕದಲ್ಲಿ 1965ರ ಕಾಯ್ದೆ ಪ್ರಕಾರ ನಡೆಯೋ ಲೈಬ್ರರಿಗಳಿವು, ಆಸ್ತಿ ತೆರಿಗೆ ಜೊತೆ ನೂರಕ್ಕೆ ಆರರಂತೆ ಗ್ರಂಥಾಲಯ ಕರ ನಾವು ಆಗ್ಲೇ ಕಟ್ತಿದೀವಿ, ಅಂದ್ಮೇಲೆ ಅಲ್ಲಿರೋ ಪುಸ್ತಕ ನಮ್ಮದೇ. ಟಾರ್ಗೆಟ್ ಇಟ್ಕೊಂಡವರಿಗೆ ಇನ್ನೊಂದು ಉಪಯೋಗಾನೂ ಇದೆ, ವಾಪಸ್ ಕೊಡೋ ದಿನಾಂಕ ಸೀಲ್ ಹೊಡೆದು ಕೊಡ್ತಾರಲ್ಲ, ಸ್ವಂತ ಪುಸ್ತಕ ವರ್ಷಗಟ್ಟಲೆ ಕಾಯತ್ತೆ, ಆ ಸೀಲ್ ಕಾಯಲ್ಲ.

ಅಕ್ಕನ ಮಗಳು ಎಲ್ಲಾ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಐವತ್ತು ಬೇಡ, ದಿನಕ್ಕೆ ಹದಿನೈದು ಪುಟ ಅಂತ ಇಟ್ಕೋತೀನಿ" ಅಂದ್ಲು. ಮಾರನೇ ದಿನ ಅಮ್ಮನ ಫೋನು, "ಅವಳಿಗೆ ನನ್ನ ಬೈಂಡ್ ಬೇಕಂತಲ್ಲೇ, ಯಾವುದು ಕಳಿಸ್ಲಿ, ನೀಲಿ ರಟ್ಟಿಂದಾ, ಕೆಂಪಿಂದಾ?" ಅಂತ. ಕೆಂಪು ರಟ್ಟಿಂದು ಕಳಿಸು ಅಂದೆ, ಅದ್ರಲ್ಲೇ ಅಮ್ಮ ಕೈಯಲ್ಲಿ ಬರೆದು ಸೇರಿಸಿದ ಕಂತು ಇರೋದು.