ಅಂಗಳ ಖಾಲಿಯಾದ ದಿನ

ವಿಷು ಕಳೆದ ಮರುದಿನ ನಮ್ಮ ಅಂಗಳ ಖಾಲಿಯಾಯಿತು. ಕಾಸರಗೋಡಿನ ನೀರ್ಚಾಲಿನ ಕಡೆ ಅಡಿಕೆ ತೋಟದ ಮನೆಯಲ್ಲಿ ಬೆಳೆದವರಿಗೆ ಅದರ ಖುಷಿ ಗೊತ್ತು. ಕೊಯ್ಲು ಶುರುವಾದ ಮೇಲೆ ಅಂಗಳ ಅಡಿಕೆಯದ್ದು. ಹಣ್ಣಡಿಕೆ ಸಿಪ್ಪೆ ಸಮೇತ ಒಣಗಲು 40-45 ದಿನ ಬೇಕು. ಒಂದು ಕೊಯ್ಲು ಒಣಗುವ ಮೊದಲೇ ಇನ್ನೊಂದು ಬಂದು ಬೀಳುತ್ತದೆ. ನಮಗೆ ಉಳಿಯುವುದು ಅಂಚಿನಲ್ಲಿ ಒಂದು ಕಾಲುದಾರಿ. ಆ ದಿನ ಬೆಳಿಗ್ಗೆ ಕೊನೆಯ ಗೋಣಿ ಒಳಗೆ ಹೋಯಿತು. ಅಮ್ಮ ಗುಡಿಸಿ ಮುಗಿಸುವುದನ್ನೇ ಕಾಯುತ್ತಿದ್ದೆ. ಹಟ್ಟಿಯ ಪಕ್ಕದ ಚಾವಡಿಯಿಂದ ನಾನೇ ಕಟ್ಟಿದ ಎರಡು ಚಕ್ರದ ಗಾಡಿಯನ್ನು ಹೊರಗೆ ತಂದೆ.

ಕಬ್ಬಿಣದ ಚೌಕಟ್ಟು, ಅದರ ಮೇಲೆ ಹಲಸಿನ ಹಲಗೆ. ಎಡಕ್ಕೊಂದು ಬಲಕ್ಕೊಂದು 16 ಇಂಚಿನ ಚಕ್ರ. ಎದುರಿಗೆ ಹೊಟ್ಟೆಮಟ್ಟಕ್ಕೆ ಒಂದು ಹಿಡಿ. ಹಲಗೆಯ ಮೇಲೆ ನಿಂತು ಮುಂದೆ ಬಾಗಿದರೆ ಮುಂದೆ ಹೋಗುತ್ತದೆ. ಹಿಂದೆ ವಾಲಿದರೆ ನಿಧಾನವಾಗಿ ನಿಲ್ಲುತ್ತದೆ, ಇನ್ನೂ ವಾಲಿದರೆ ಹಿಂದೆ ಬರುತ್ತದೆ. ಆಕ್ಸಿಲರೇಟರ್ ಇಲ್ಲ, ಬ್ರೇಕ್ ಇಲ್ಲ. ಸ್ವಿಚ್ ಆಫ್ ಮಾಡಿದರೆ ತನ್ನ ಕಾಲ ಮೇಲೆ ತಾನು ನಿಲ್ಲುವುದೂ ಇಲ್ಲ.

ಇಂಥ ಗಾಡಿಯನ್ನು ಜಗತ್ತಿಗೆ ಪರಿಚಯ ಮಾಡಿದ್ದು ಅಮೆರಿಕದ ಡೀನ್ ಕೇಮನ್. 2001ರ ಡಿಸೆಂಬರಿನಲ್ಲಿ ಸೆಗ್ವೇ ಅಂತ ಹೊರಗೆ ತಂದರು. 2020ರಲ್ಲಿ ಅದರ ತಯಾರಿಯೇ ನಿಂತಿತು. ನನ್ನನ್ನು ಹೆಚ್ಚು ಎಳೆದದ್ದು ಟ್ರೆವರ್ ಬ್ಲ್ಯಾಕ್‌ವೆಲ್ ಅನ್ನುವವರ ಕೆಲಸ. ಸೆಗ್ವೇ ಬಂದ ಮರುವರ್ಷವೇ ಅವರು ಪೇಟೆಯಲ್ಲಿ ಸಿಗುವ ಬಿಡಿಭಾಗಗಳನ್ನು ಜೋಡಿಸಿ ತಾವೇ ಒಂದು ಕಟ್ಟಿ ಓಡಿಸಿದರು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಬ್ಬ ಮನುಷ್ಯ ಮನೆಯಲ್ಲಿ ಕೂತು ಮಾಡಬಹುದು ಅಂತಾದರೆ ನಾನೂ ಮಾಡಬಹುದಲ್ವಾ?

ಆದರೆ ಅದು ಯಾಕೆ ಬೀಳುವುದಿಲ್ಲ ಅಂತ ನನಗೆ ನಿಜವಾಗಿ ಅರ್ಥವಾದದ್ದು ತೋಟದಲ್ಲಿ.

ನಮ್ಮಲ್ಲಿ ಕೊಯ್ಲಿಗೆ ಬರುವ ಅಣ್ಣ ಈಗ ಮರ ಹತ್ತುವುದು ಕಡಿಮೆ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲಿ ನಿಂತೇ ಗೊನೆ ಎಳೆಯುತ್ತಾರೆ. ಒಂದು ಮರದಿಂದ ಪಕ್ಕದ ಮರಕ್ಕೆ ಹೋಗುವಾಗ ಅಷ್ಟು ಉದ್ದದ ದೋಟಿಯನ್ನು ಇಳಿಸುವುದಿಲ್ಲ. ನೆಟ್ಟಗೆ ಹಿಡಿದುಕೊಂಡೇ ನಡೆಯುತ್ತಾರೆ. ತುದಿ ಎಡಕ್ಕೆ ವಾಲಿತೋ, ಬುಡವನ್ನೂ ಎಡಕ್ಕೆ ಒಯ್ಯುತ್ತಾರೆ. ಬಲಕ್ಕೆ ವಾಲಿತೋ, ಬಲಕ್ಕೆ. ಬೀಳುವ ತುದಿಯ ಅಡಿಗೆ ಬುಡ ಹೋಗಿ ನಿಲ್ಲುತ್ತದೆ. ನಾನು ಒಂದು ಮಧ್ಯಾಹ್ನ ಅದನ್ನೇ ನೋಡುತ್ತಾ ನಿಂತಿದ್ದೆ. ಅವರು ತುಳುವಿನಲ್ಲಿ, "ತುದಿ ನೋಡಬೇಕು. ಬುಡ ನೋಡಿದರೆ ಬೂರುಂಡು" ಅಂದರು. ಬೂರುಂಡು ಅಂದರೆ ಬೀಳುತ್ತದೆ.

ಗಾಡಿಯೂ ಮಾಡುವುದು ಇಷ್ಟೇ. ತುದಿ ನನ್ನ ತಲೆ, ಬುಡ ಚಕ್ರ. ನಾನು ಮುಂದಕ್ಕೆ ಬೀಳಲು ಹೊರಟರೆ ಚಕ್ರ ಮುಂದೆ ಓಡಿ ನನ್ನ ಅಡಿಗೆ ಬರುತ್ತದೆ. ಹೊರಗಿನಿಂದ ನೋಡುವವರಿಗೆ ಅದು ಸವಾರಿ. ಒಳಗೆ ನಡೆಯುವುದು ಬೀಳುವುದು ಮತ್ತು ಹಿಡಿಯುವುದು, ಬೀಳುವುದು ಮತ್ತು ಹಿಡಿಯುವುದು. ಸೆಕೆಂಡಿಗೆ 100 ಸಲ.

ಇನ್ನೊಂದು ವಿಷಯವನ್ನೂ ದೋಟಿಯೇ ಕಲಿಸಿತು. ಉದ್ದದ ಕೋಲು ನಿಧಾನಕ್ಕೆ ಬೀಳುತ್ತದೆ, ಗಿಡ್ಡ ಕೋಲು ಬೇಗ. ನಾಲ್ಕು ಪಟ್ಟು ಉದ್ದವಾದರೆ ಬೀಳಲು ಎರಡು ಪಟ್ಟು ಹೊತ್ತು. ಅಂಗೈ ಮೇಲೆ ಕಡ್ಡಿಪೆಟ್ಟಿಗೆಯ ಕಡ್ಡಿ ನಿಲ್ಲಿಸಲು ಆಗುವುದಿಲ್ಲ, ಹಿಡಿಸೂಡಿಯ ಉದ್ದದ ಕೋಲನ್ನು ಮಕ್ಕಳೂ ನಿಲ್ಲಿಸುತ್ತಾರೆ. ಮನುಷ್ಯ ಮೇಲೆ ನಿಂತಾಗ ಗಾಡಿ ಉದ್ದದ ಕೋಲು. ಖಾಲಿ ಇರುವಾಗ ಗಿಡ್ಡ ಕೋಲು. ಅದಕ್ಕೇ ನಮ್ಮ ಗಾಡಿ ಖಾಲಿ ಇರುವಾಗ ಜಾಸ್ತಿ ನಡುಗುತ್ತಿತ್ತು. ನಾನು ವಾರಗಟ್ಟಲೆ ಖಾಲಿ ಗಾಡಿಯನ್ನು ಸರಿಮಾಡುತ್ತಾ ಕೂತಿದ್ದೆ. ಆ ಲೆಕ್ಕ ನಾನು ಹತ್ತಿದ ಮೇಲೆ ನಡೆಯಲೇ ಇಲ್ಲ.

ತುದಿ ವಾಲಿದ್ದು ಅಣ್ಣನಿಗೆ ಕಣ್ಣಲ್ಲಿ ಗೊತ್ತಾಗುತ್ತದೆ. ಗಾಡಿಗೆ ಆ ಕಣ್ಣು ಎಂಪಿಯು6050 ಎಂಬ ಚಿಪ್ಪು. ಅದು ಕೂತಿರುವ ತಗಡು ಹೆಬ್ಬೆರಳಿನ ತುದಿಯಷ್ಟು. ಅದರೊಳಗೆ ಇಬ್ಬರಿದ್ದಾರೆ ಅಂತ ಇಟ್ಟುಕೊಳ್ಳಿ. ಒಬ್ಬ ಗೈರೋ. ಎಷ್ಟು ವೇಗದಲ್ಲಿ ವಾಲುತ್ತಿದ್ದೇವೆ ಅಂತ ಮಾತ್ರ ಅವನಿಗೆ ಗೊತ್ತು. ಅದನ್ನು ಕೂಡಿಸಿ ಕೂಡಿಸಿ ಕೋನ ಹೇಳಬೇಕು. ಕತ್ತಲಲ್ಲಿ ಹೆಜ್ಜೆ ಎಣಿಸಿ ಬಾವಿಕಟ್ಟೆಗೆ ಹೋದ ಹಾಗೆ. ಸಣ್ಣ ಸಣ್ಣ ತಪ್ಪು ಸೇರಿ ಸ್ವಲ್ಪ ಹೊತ್ತಿನಲ್ಲಿ ಬೇರೆಲ್ಲೋ ಇರುತ್ತೀರಿ. ಇನ್ನೊಬ್ಬ ಆಕ್ಸಿಲರೋಮೀಟರ್. ಅವನು ಗೋಡೆ ಕಟ್ಟುವ ಮೇಸ್ತ್ರಿಯ ತೂಗುಗುಂಡು. ನೆಲ ಯಾವ ಕಡೆ ಅಂತ ಸರಿಯಾಗಿ ಹೇಳುತ್ತಾನೆ, ಆದರೆ ಓಡುವ ಜೀಪಿನಲ್ಲಿ ಗುಂಡು ಹಿಡಿದರೆ ಎಂತ ಪ್ರಯೋಜನ? ಪ್ರತಿ ಕುಲುಕಿಗೂ ಅಲ್ಲಾಡುತ್ತದೆ. ಹಾಗಾಗಿ ಇಬ್ಬರ ಮಾತನ್ನೂ ಬೆರೆಸಬೇಕು. ಗೈರೋನ ಮಾತಿಗೆ 100ರಲ್ಲಿ 98 ಪಾಲು, ಗುಂಡಿನ ಮಾತಿಗೆ 2 ಪಾಲು. ಈ 2 ಪಾಲು ಗೈರೋನನ್ನು ದಾರಿ ತಪ್ಪದ ಹಾಗೆ ಮೆಲ್ಲಗೆ ಎಳೆಯುತ್ತಾ ಇರುತ್ತದೆ. ಇಡೀ ಗಾಡಿಯಲ್ಲಿ ನನಗೆ ಅತಿ ಹೆಚ್ಚು ಪ್ರೀತಿ ಇರುವುದು ಈ ಒಂದು ಸಾಲಿನ ಲೆಕ್ಕದ ಮೇಲೆ.

ಚೌಕಟ್ಟು ಬೆಸುಗೆ ಹಾಕಿದ್ದು ಬದಿಯಡ್ಕ ಪೇಟೆಯಲ್ಲಿ. ವೆಲ್ಡಿಂಗಿನ ಅಣ್ಣನಿಗೆ ಕಾಗದದಲ್ಲಿ ಚಿತ್ರ ಬರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ ಮಲಯಾಳದಲ್ಲಿ, "ಮೂರನೇ ಚಕ್ರ ಎಲ್ಲಿ?" ಅಂತ ಕೇಳಿದರು. ಇಲ್ಲ ಅಂದೆ. "ವೀಳುಂ" ಅಂದರು. ಮನೆಗೆ ಬಂದರೆ ಅಮ್ಮ, "ಇದು ಬೀಳ್ತದೆ" ಅಂದಳು. ಬೂರುಂಡು, ವೀಳುಂ, ಬೀಳ್ತದೆ. ಕಾಸರಗೋಡಿನಲ್ಲಿ ಒಂದು ಕೆಲಸ ಮಾಡಬೇಕಾದರೆ ಮೂರು ಭಾಷೆ ದಾಟಿ ಬರಬೇಕು. ನನಗೆ ಅದು ಯಾವತ್ತೂ ಕಷ್ಟ ಅನ್ನಿಸಿಲ್ಲ. ಮೂರರಲ್ಲೂ ಮಾತು ಒಂದೇ ಬೇರಿನಿಂದ ಹುಟ್ಟಿದ್ದು ಅಂತ ಆ ದಿನ ಹೊಳೆದು ಒಳಗೊಳಗೇ ಸಂತೋಷವಾಯಿತು. ಅವರು ಬೆಸುಗೆಯನ್ನು ಮಾತ್ರ ಚೊಕ್ಕ ಹಾಕಿ ಕೊಟ್ಟರು. ಎರಡು ಚಕ್ರದ ಅಚ್ಚು ಒಂದೇ ನೇರಕ್ಕೆ ಬರಬೇಕು ಅಂತ ಎರಡು ಸಲ ಕತ್ತರಿಸಿ ಪುನಃ ಹಾಕಿದರು.

ಉಳಿದದ್ದನ್ನು ಬೇಗ ಹೇಳುತ್ತೇನೆ. 24 ವೋಲ್ಟಿನ, 250 ವಾಟಿನ ಎರಡು ಗಿಯರ್ ಮೋಟರು. ಮೋಟರಿನಲ್ಲಿ 9 ಹಲ್ಲಿನ ಗಾಲಿ, ಚಕ್ರದಲ್ಲಿ 18 ಹಲ್ಲಿನದ್ದು, ನಡುವೆ ಚೈನು. ಮೋಟರು ನಿಮಿಷಕ್ಕೆ 300 ಸುತ್ತು ತಿರುಗಿದರೆ ಚಕ್ರ 150. ಲೆಕ್ಕದ ಪ್ರಕಾರ ಗಂಟೆಗೆ 11 ಕಿಲೋಮೀಟರ್, ನನಗೆ ಅಷ್ಟು ಧಾರಾಳ ಸಾಕು. 12 ವೋಲ್ಟಿನ ಎರಡು ಬ್ಯಾಟರಿ. ಲೆಕ್ಕ ಮಾಡಲು ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರು. ಮಂಗಳೂರಿಗೆ ಬಸ್ಸು ಹತ್ತಿ ತಂದದ್ದು ಕೆಲವು, ಕೊರಿಯರಿನಲ್ಲಿ ಬಂದದ್ದು ಕೆಲವು.

ಮೊದಲ ಪರೀಕ್ಷೆ ಚಾವಡಿಯೊಳಗೆ ಆಗಿತ್ತು. ಹಿಡಿಗೆ ಹಗ್ಗ ಕಟ್ಟಿ ಪಕ್ಕಾಸಿಗೆ ಸಡಿಲವಾಗಿ ಬಿಗಿದಿದ್ದೆ. ಸ್ವಿಚ್ ಹಾಕಿದ ಕೂಡಲೇ ಗಾಡಿ ನೆಲಕ್ಕೆ ಅಪ್ಪಳಿಸಲು ಹೊರಟಿತು. ಬರೇ ಬೀಳಲಿಲ್ಲ, ಬೀಳುವುದಕ್ಕೆ ಅವಸರ ಮಾಡಿತು. ಮೋಟರಿನ ಎರಡು ವೈರು ಅದಲುಬದಲಾಗಿದ್ದವು. ಮುಂದೆ ವಾಲಿದಾಗ ಚಕ್ರ ಹಿಂದೆ ಓಡುತ್ತಿತ್ತು. ಹಗ್ಗ ಇದ್ದುದರಿಂದ ಎಲ್ಲ ಉಳಿಯಿತು. ಯಾರಾದರೂ ಇಂಥದ್ದು ಕಟ್ಟುವುದಾದರೆ ಮೊದಲು ಚಕ್ರ ನೆಲಕ್ಕೆ ತಾಗದ ಹಾಗೆ ಚೌಕಟ್ಟನ್ನು ಕಲ್ಲಿನ ಮೇಲೆ ಎತ್ತಿಟ್ಟು, ಗಾಡಿಯನ್ನು ಕೈಯಲ್ಲಿ ವಾಲಿಸಿ, ಚಕ್ರ ಯಾವ ಕಡೆ ತಿರುಗುತ್ತದೆ ಅಂತ ನೋಡಿ.

ಈಗ ಅಂಗಳಕ್ಕೆ ಬರುತ್ತೇನೆ.

ಬೆಳಿಗ್ಗೆ ಎಂಟೂವರೆ. ತಲೆಗೆ ಹೆಲ್ಮೆಟ್. ಬಲಗೈಗೆ ಒಂದು ಹುರಿ, ಅದರ ಇನ್ನೊಂದು ತುದಿ ಗಾಡಿಯ ಒಂದು ಪಿನ್ನಿಗೆ. ನಾನು ಬಿದ್ದರೆ ಪಿನ್ನು ಕಿತ್ತು ಬರುತ್ತದೆ, ಮೋಟರಿನ ಕರೆಂಟು ಪೂರ್ತಿ ನಿಲ್ಲುತ್ತದೆ. ಅಮ್ಮ ಜಗಲಿಯಲ್ಲಿ. ಕೊಯ್ಲಿನ ಅಣ್ಣ ಗೋಣಿ ಹೊತ್ತು ಮುಗಿಸಿ ಚಾ ಕುಡಿಯುತ್ತಾ ಮೆಟ್ಟಿಲಲ್ಲಿ.

ಒಂದು ಕಾಲು ಇಟ್ಟೆ. ಎರಡನೆಯದನ್ನೂ ಇಟ್ಟೆ. ಗಾಡಿ ಚಳಿ ಹಿಡಿದವರ ಹಾಗೆ ಗಡಗಡ ನಡುಗಿತು. ವಾಲಿದ್ದಕ್ಕೆ ಎಷ್ಟು ಜೋರಾಗಿ ಉತ್ತರ ಕೊಡಬೇಕು ಅನ್ನುವ ಸಂಖ್ಯೆ ಜಾಸ್ತಿಯಾಗಿತ್ತು. ಚೈನಿನಲ್ಲಿ ಸ್ವಲ್ಪ ಸಡಿಲವೂ ಇತ್ತು. ಇಳಿದೆ, ಚೈನು ಬಿಗಿಮಾಡಿದೆ, ಲ್ಯಾಪ್‌ಟಾಪ್ ತಂದು ಸಂಖ್ಯೆ ಇಳಿಸಿದೆ. ಈಗ ಸೋಮಾರಿಯಾಯಿತು. ಬೀಳುವುದು ಮುಗಿದ ಮೇಲೆ ಓಡಿ ಬರುತ್ತಿತ್ತು. ಪುನಃ ಸ್ವಲ್ಪ ಏರಿಸಿದೆ. ವಾಲುವ ವೇಗಕ್ಕೆ ಕೊಡುವ ಉತ್ತರವನ್ನೂ ಏರಿಸಿದೆ. ಹೀಗೆ ಹತ್ತೋ ಹನ್ನೆರಡೋ ಸಲ. ಅಮ್ಮ ಎದ್ದು ಅಡುಗೆಗೆ ಹೋದಳು. ಅಣ್ಣ ಹೋಗಲಿಲ್ಲ.

ಹನ್ನೊಂದು ಗಂಟೆಗೆ ಅದು ನಿಂತಿತು.

ನಡುಕ ಇಲ್ಲ, ಸದ್ದಿಲ್ಲ. ನಾನು ಅಂಗಳದ ನಡುವೆ, ನೆಲದಿಂದ ಒಂದು ಅಡಿ ಮೇಲೆ, ಎರಡೇ ಚಕ್ರದಲ್ಲಿ ನಿಂತಿದ್ದೆ. ಅಡಿಯಲ್ಲಿ ಗಾಡಿ ಕೂದಲೆಳೆಯಷ್ಟು ಹಿಂದೆ ಮುಂದೆ ಆಡುವುದು ಪಾದಕ್ಕೆ ಗೊತ್ತಾಗುತ್ತಿತ್ತು. ತೊಟ್ಟಿಲಲ್ಲಿ ಮಲಗಿದ ಮಗುವಿನ ಹೊಟ್ಟೆಗೆ ಕೈ ಇಟ್ಟರೆ ಉಸಿರು ಗೊತ್ತಾಗುತ್ತದಲ್ಲ, ಹಾಗೆ. ಮುಂದೆ ಹೋಗಬೇಕು ಅಂದುಕೊಂಡೆ, ಅಷ್ಟೇ. ಬಾಗಿದ್ದೂ ನನಗೆ ಗೊತ್ತಿಲ್ಲ. ತುಳಸಿಕಟ್ಟೆ ಹತ್ತಿರ ಬಂದಿತ್ತು. ಅಮ್ಮ ಅಂತ ಕೂಗಿದೆ. ಅವಳು ಸೌಟು ಹಿಡಿದುಕೊಂಡೇ ಓಡಿ ಬಂದಳು. ನಾನು ಅಂಗಳದ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ಹೋಗಿ ಬಂದೆ. ಕಣ್ಣು ತುಂಬಿ ಬಂತು, ಹೇಳುವುದಕ್ಕೆ ನಾಚಿಕೆ ಇಲ್ಲ.

ಐದನೇ ಸಲ ತಿರುಗಿಸುವಾಗ ಬಿದ್ದೆ.

ಹಿಡಿಯನ್ನು ತಿರುವಿದರೆ ಒಂದು ಚಕ್ರ ಜಾಸ್ತಿ, ಒಂದು ಕಡಿಮೆ ಓಡಬೇಕು. ನಾನು ಜೋರಾಗಿ ತಿರುವಿದೆ. ಗಾಡಿ ಒಮ್ಮೆಲೇ ನನ್ನ ಮಾತು ಕೇಳುವುದನ್ನು ಬಿಟ್ಟು ನೇರ ಓಡಿತು. ಹಿಂದಕ್ಕೆ ವಾಲಿದರೂ ನಿಲ್ಲಲಿಲ್ಲ. ಹಾರಿದೆ. ಹುರಿ ಪಿನ್ನನ್ನು ಕಿತ್ತಿತು. ಗಾಡಿ ಬಸಳೆ ಚಪ್ಪರಕ್ಕೆ ಒರಗಿ ನಿಂತಿತು. ನನ್ನ ಮೊಣಕಾಲು ತರಚಿತ್ತು. ಅಮ್ಮ ಏನೂ ಹೇಳದೆ ತೆಂಗಿನೆಣ್ಣೆ ತಂದು ಹಚ್ಚಿದಳು. ಆ ಮೌನ ನೋವಿಗಿಂತ ಹೆಚ್ಚು ತಾಗಿತು.

ಕಾರಣ ಹುಡುಕಲು ಮಧ್ಯಾಹ್ನ ಪೂರ್ತಿ ಹೋಯಿತು. ಚಿಪ್ಪಿನಿಂದ ಆರ್ಡುಯಿನೋಗೆ ಬರುವ ಸಪೂರ ವೈರು ಮೋಟರಿನ ದಪ್ಪ ವೈರಿನ ಜೊತೆಗೇ ಸುತ್ತಿಕೊಂಡಿತ್ತು. ಮೋಟರು ಜೋರಾಗಿ ಕರೆಂಟು ಎಳೆದಾಗ ಆ ಗಲಾಟೆಗೆ ಚಿಪ್ಪಿನ ಮಾತು ಕಡಿಯಿತು. ಪ್ರೋಗ್ರಾಮು ಉತ್ತರಕ್ಕಾಗಿ ಕಾಯುತ್ತಾ ಕೂತುಬಿಟ್ಟಿತು. ಮೋಟರಿಗೆ ಕೊನೆಯಲ್ಲಿ ಹೇಳಿದ ಆಜ್ಞೆ ಹಾಗೇ ಉಳಿಯಿತು. ಅಂದರೆ ಗಾಡಿ ಕಣ್ಣು ಮುಚ್ಚಿ ಓಡುತ್ತಿತ್ತು.

ಸೆಗ್ವೇಯಲ್ಲಿ ಐದು ಗೈರೋ ಇದ್ದವು ಅಂತ ಓದಿದಾಗ ದುಡ್ಡಿದ್ದವರ ಕೆಲಸ ಅಂದುಕೊಂಡಿದ್ದೆ. ಆ ಮಧ್ಯಾಹ್ನ ಹಾಗೆ ಅನ್ನಿಸಲಿಲ್ಲ. ಮೂರು ಚಕ್ರದ ಗಾಡಿ ಕೆಟ್ಟರೆ ನಿಲ್ಲುತ್ತದೆ. ಇದು ಕೆಟ್ಟರೆ ಮೇಲಿದ್ದವನು ಬೀಳುತ್ತಾನೆ. ಅಷ್ಟೆಲ್ಲ ಜಾಗ್ರತೆ ಮಾಡಿದ ಮೇಲೂ 2003ರಲ್ಲಿ ಸುಮಾರು 6,000 ಸೆಗ್ವೇಗಳನ್ನು ಹಿಂದೆ ಕರೆಸಿ ಸರಿಮಾಡಬೇಕಾಯಿತು. ಬ್ಯಾಟರಿ ಇಳಿದಾಗ ಚಕ್ರಕ್ಕೆ ಓಡಿ ಹಿಡಿಯುವಷ್ಟು ಬಲ ಸಿಗದೆ ಸವಾರರು ಬೀಳುವ ಅಪಾಯವಿತ್ತು. ಹಿಡಿಯುವುದಕ್ಕೆ ಯಾವಾಗಲೂ ಸ್ವಲ್ಪ ಬಲ ಕೈಯಲ್ಲಿ ಉಳಿದಿರಬೇಕು. ನಾನೂ ಅವತ್ತೇ ಒಂದು ಸಾಲು ಸೇರಿಸಿದೆ. ಮೋಟರು ತನ್ನ ಬಲದ 100ರಲ್ಲಿ 70 ಪಾಲು ದಾಟಿದರೆ ಹಲಗೆ ತಾನಾಗಿ ಹಿಂದಕ್ಕೆ ವಾಲಿ ಸವಾರನನ್ನು ನಿಧಾನ ಮಾಡಿಸುತ್ತದೆ.

ಮತ್ತೆ ವೈರು. ಒಂದೂವರೆ ಅಡಿ ಇದ್ದದ್ದನ್ನು ನಾಲ್ಕು ಇಂಚಿಗೆ ಇಳಿಸಿದೆ, ಮೋಟರಿನ ವೈರಿನಿಂದ ದೂರ ಒಯ್ದೆ. ಗಲಾಟೆ ತಗ್ಗಿಸಲು ಮೋಟರಿನ ಎರಡು ಕಾಲಿಗೆ ಅಡ್ಡವಾಗಿ 0.1 ಮೈಕ್ರೋಫ್ಯಾರಡಿನ ಕೆಪಾಸಿಟರ್ ಬೆಸೆದೆ. ವಾಚ್‌ಡಾಗ್ ಹಾಕಿದೆ. 120 ಮಿಲಿಸೆಕೆಂಡ್ ಒಳಗೆ ಪ್ರೋಗ್ರಾಮಿನಿಂದ ಸದ್ದು ಬಾರದಿದ್ದರೆ ಅದು ಎಲ್ಲವನ್ನೂ ಹೊಸದಾಗಿ ಶುರು ಮಾಡಿಸುತ್ತದೆ, ಮೋಟರು ನಿಲ್ಲುತ್ತದೆ. ಇದೆಲ್ಲ ಮೊದಲೇ ಮಾಡಬೇಕಿತ್ತು. ಚಿಪ್ಪನ್ನೂ ಹಿಡಿಯ ಕಂಬದಿಂದ ತೆಗೆದು ಹಲಗೆಯ ಅಡಿಗೆ, ಅಚ್ಚಿನ ಹತ್ತಿರಕ್ಕೆ ತಂದೆ. ಮೇಲಿದ್ದಾಗ ಕಂಬ ಆಡಿದ ಹಾಗೆಲ್ಲ ತೂಗುಗುಂಡಿನವನು ಮೋಸ ಹೋಗುತ್ತಿದ್ದ.

ಸಂಜೆ ಐದಕ್ಕೆ ಪುನಃ ಹತ್ತಿದೆ. ಬೇಕೆಂದೇ ಜೋರಾಗಿ ತಿರುವಿದೆ, ಇಪ್ಪತ್ತು ಸಲ. ಒಮ್ಮೆಯೂ ತಪ್ಪಲಿಲ್ಲ.

ಆಗ ಕೊಯ್ಲಿನ ಅಣ್ಣ ಎದ್ದು ಬಂದು, "ನಾನೊಮ್ಮೆ ನಿಲ್ಲಲಾ?" ಅಂತ ಕೇಳಿದರು. ನನಗೆ ಹೆದರಿಕೆಯಾಯಿತು. ಹೆಲ್ಮೆಟ್ ಹಾಕಿಸಿದೆ, ಹುರಿ ಕಟ್ಟಿದೆ, ಪಕ್ಕದಲ್ಲಿ ಹಿಡಿದುಕೊಂಡು ನಿಂತೆ. ಅವರು ಹತ್ತಿದರು. ನನಗೆ ಐದು ತಿಂಗಳು ಬೇಕಾದದ್ದು ಅವರಿಗೆ ಒಂದು ನಿಮಿಷ. ಹೊಸಬರೆಲ್ಲ ಕಾಲಡಿ ನೋಡುತ್ತಾರೆ. ಅವರು ನೋಡಲಿಲ್ಲ. ಎದುರಿನ ಅಡಿಕೆ ಮರಗಳ ತಲೆಯ ಕಡೆ ಕಣ್ಣಿಟ್ಟು ಹಾಗೇ ಹೋದರು. ತುಳಸಿಕಟ್ಟೆಗೆ ಒಂದು ಸುತ್ತು ಬಂದು ನನ್ನ ಮುಂದೆ ನಿಲ್ಲಿಸಿದರು.

ಇಳಿದ ಮೇಲೆ, "ಇದರ ಕಣ್ಣು ಎಲ್ಲುಂಟು?" ಅಂದರು. ಗಾಡಿಯನ್ನು ವಾಲಿಸಿ ಹಲಗೆಯ ಅಡಿಯ ಚಿಪ್ಪನ್ನು ತೋರಿಸಿದೆ. ಬಗ್ಗಿ ನೋಡಿದರು. "ಬುಡದಲ್ಲಿ ಇಟ್ಟಿದ್ದೀರಿ" ಅಂದರು. ಇದಕ್ಕೆ ತುದಿ ನೋಡಬೇಕಾಗಿಲ್ಲ, ವಾಲಿದ್ದು ಬುಡದಲ್ಲೇ ಗೊತ್ತಾಗುತ್ತದೆ ಅಂದೆ. ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಬೆರಳಲ್ಲಿ ಚಿಪ್ಪಿನ ಸುತ್ತ ಉಜ್ಜಿ ತೋರಿಸಿದರು. ಬೆರಳ ತುದಿ ಕೆಂಪಗಾಗಿತ್ತು. ಅಂಗಳದ ಮುರಕಲ್ಲಿನ ಧೂಳು.

ಅವರು ತೋಟಕ್ಕೆ ಇಳಿದು ಒಂದು ಅಡಿಕೆ ಹಾಳೆ ಎತ್ತಿಕೊಂಡು ಬಂದರು. ಬೋಸಿನಲ್ಲಿದ್ದ ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ಕತ್ತಿಯಲ್ಲಿ ಕತ್ತರಿಸಿ, ನಾಲ್ಕು ಮೂಲೆ ಮಡಚಿ ಹೊಲಿದರು. ತೋಟದಲ್ಲಿ ತಲೆಗೆ ಇಡುವ ಮುಟ್ಟಾಳೆಯದ್ದೇ ಕ್ರಮ, ಅಳತೆ ಮಾತ್ರ ಸಣ್ಣದು. ರಾತ್ರಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಲು ಇಟ್ಟೆವು. ಮರುದಿನ ಚಿಪ್ಪಿಗೆ ಮುಚ್ಚಿ ಎರಡು ಸ್ಕ್ರೂ ಹಾಕಿದೆ. ಸರಿಯಾಗಿ ಕೂತಿತು.